ಬಾಗಿಲು ತೆಗೆದದ್ದು ಯಾರು

ನನ್ನ ಭಾವನಿಗೆ ಕಳ್ಳರ ಭಯ ಹಿಡಿದದ್ದು ಪಕ್ಕದ ಬಡಾವಣೆಯಲ್ಲಿ ಯಾರದೋ ಮನೆಯ ಹಿತ್ತಲಿಂದ ಒಂದು ಗ್ಯಾಸ್ ಸಿಲಿಂಡರೂ ಒಂದು ತಾಮ್ರದ ಹಂಡೆಯೂ ಕಳವಾದ ಮೇಲೆ. ಶಿರಸಿಯವರು ಅದನ್ನು ಎರಡು ದಿನ ಆಡಿಕೊಂಡು ಮರೆತರು. ಭಾವ ಮರೆಯಲಿಲ್ಲ. ಅವನ ಬಾಯಲ್ಲಿ ಅದು ಕಳ್ಳತನ ಹೋಗಿ ದರೋಡೆಯಾಯಿತು, ಕಳ್ಳ ಹೋಗಿ ತಂಡವಾಯಿತು, ತಂಡಕ್ಕೆ ಮುಂದಿನ ಗುರಿ ತನ್ನ ಮನೆಯೇ ಎಂದೂ ಆಯಿತು. ಅವನ ಮನೆಯಲ್ಲಿ ಕದಿಯುವಂಥದ್ದು ಏನಿದೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವನಿಗೆ ಸಿಟ್ಟು ಬರುತ್ತಿತ್ತು.

ಎದುರಿಗೆ ನಾನು ಅವನಿಗೆ ಬಹುವಚನ ಕೊಡುತ್ತೇನೆ. ಅಕ್ಕನ ಗಂಡ, ವಯಸ್ಸಿನಲ್ಲಿ ದೊಡ್ಡವನು, ಕೊಡಲೇಬೇಕು. ಬರೆಯುವಾಗ ಏಕವಚನ ಸಾಕು.

ಶಿರಸಿಯ ಪೇಟೆಯಲ್ಲಿ ಅವನದೊಂದು ಪಂಪು, ಪೈಪುಗಳ ಅಂಗಡಿಯಿದೆ. ಸುತ್ತಲಿನ ಊರಿನವರೆಲ್ಲ ಅವನಲ್ಲಿ ಪೈಪು ಒಯ್ಯುತ್ತಾರೆ. ಅವನ ಸ್ವಂತ ಬಚ್ಚಲಿನ ನಲ್ಲಿ ಮಾತ್ರ ನಾನು ಕಂಡಾಗಿನಿಂದ ಸೋರುತ್ತಿದೆ. ಕೈ ಕೊಳೆ ಮಾಡಿಕೊಳ್ಳುವುದು ತನ್ನಂಥವನ ಕೆಲಸವಲ್ಲ ಎಂದು ಅವನ ನಂಬಿಕೆ. ನಾನು ಯಲ್ಲಾಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅದನ್ನು ಅವನು ಎಂದೂ ಕೆಲಸ ಎಂದು ಕರೆದವನಲ್ಲ. 'ರಜೆ ಜಾಸ್ತಿ ಇಪ್ಪ ನೌಕರಿ' ಎನ್ನುತ್ತಾನೆ. ಆದರೆ ಮನೆಗೆ ಅಲಾರಾಂ ಪೆಟ್ಟಿಗೆ ಬಂದು, ಅದನ್ನು ಬಿಚ್ಚಿ, ಒಳಗಿನ ಸಾಮಾನು ನೋಡಿ ಅವನಿಗೆ ತಲೆ ತಿರುಗಿದ ದಿನ ನಾನು ಇದ್ದಕ್ಕಿದ್ದಂತೆ ಸೈನ್ಸ್ ಟೀಚರ್ ಆದೆ.

"ತಂಗಿ, ಶನಿವಾರ ಮಧ್ಯಾಹ್ನದ ಮೇಲೆ ನಿಂಗೆ ಶಾಲೆ ಇಲ್ಲೆ ಅಲ್ದನೇ? ಬಾಗ್ಲಿಗೊಂದು ಸೆನ್ಸರ್ ತರ್ಸಿದ್ದೆ. ಬಂದು ಕೂರ್ಸಿಕೊಟ್ಟು ಹೋಗು" ಎಂದು ಫೋನು ಮಾಡಿದ.

"ಪೇಟೆಯಲ್ಲೇ ಯಾರಾದ್ರೂ ಸಿಕ್ತ್ವಲಿ ಭಾವ."

"ಹೊರಗಿನವಕ್ಕೆ ಮನೆ ಬಾಗ್ಲು ತೋರಿಸ್ಲಾಗ. ಅವ್ವೇ ನಾಳೆ ಕಳ್ರಿಗೆ ದಾರಿ ಹೇಳ್ತ."

ನಾನು ಹೋದದ್ದು ಅವನಿಗಾಗಿ ಅಲ್ಲ. ಅಕ್ಕನನ್ನು ನೋಡದೆ ಬಹಳ ದಿನವಾಗಿತ್ತು.

ಭಾವನ ಮನೆ ಸಿಮೆಂಟಿನ ಹೊಸ ಮನೆ. ಬಾಗಿಲು ಮಾತ್ರ ಹಳೆಯದು. ಬಿಳಗಿಯ ಕಡೆ ಯಾರೋ ಹಳೆ ಮನೆ ಕೆಡವಿದಾಗ ಹೋಗಿ ತಂದದ್ದು. ಹಲಸಿನ ಮರದ್ದು, ಎರಡು ಕದ, ಹಿತ್ತಾಳೆಯ ಗುಬ್ಬಿಮೊಳೆ. 'ಬಿಳಗಿ ಅರಸರ ಕಾಲದ್ದು' ಎಂದು ಬಂದವರಿಗೆಲ್ಲ ಹೇಳುತ್ತಾನೆ. ಆ ಕಡೆಯಿಂದ ಹೀಗೆ ಹೊರಟುಹೋದ ಬಾಗಿಲುಗಳೆಲ್ಲ ಅರಸರವೇ ಆಗಿದ್ದರೆ ಅವರ ಅರಮನೆಯಲ್ಲಿ ಗೋಡೆಗೆ ಜಾಗವೇ ಇರುತ್ತಿರಲಿಲ್ಲ. ಅಕ್ಕ ಹಬ್ಬಕ್ಕೊಮ್ಮೆ ಅದಕ್ಕೆ ಎಣ್ಣೆ ತಿಕ್ಕಬೇಕು. ತಿಕ್ಕಿ ತಿಕ್ಕಿ ಅದು ಈಗ ಜಿಲೇಬಿಯ ಹಾಗೆ ಹೊಳೆಯುತ್ತದೆ.

ಸೆನ್ಸರ್ ಎಂದರೆ ದೊಡ್ಡ ವಿದ್ಯೆಯೇನೂ ಅಲ್ಲ. ಎರಡು ಪ್ಲಾಸ್ಟಿಕ್ ತುಂಡು. ಒಂದರಲ್ಲಿ ಬ್ಯಾಟರಿ ಮತ್ತು ಸಣ್ಣದೊಂದು ಸ್ವಿಚ್ಚು, ಇನ್ನೊಂದರಲ್ಲಿ ಆಯಸ್ಕಾಂತ. ಒಂದನ್ನು ಚೌಕಟ್ಟಿಗೆ, ಇನ್ನೊಂದನ್ನು ಕದಕ್ಕೆ, ಪಕ್ಕಪಕ್ಕದಲ್ಲಿ ಅಂಟಿಸಬೇಕು. ಕದ ತೆರೆದರೆ ಆಯಸ್ಕಾಂತ ದೂರ ಹೋಗುತ್ತದೆ, ಸ್ವಿಚ್ಚಿಗೆ ಅದು ತಿಳಿಯುತ್ತದೆ, ವೈರಿಲ್ಲದೆಯೇ ಗೋಡೆಯ ಮೇಲಿನ ಯಂತ್ರಕ್ಕೆ ಸುದ್ದಿ ಮುಟ್ಟಿಸುತ್ತದೆ. ಯಂತ್ರ ಕೂಗುತ್ತದೆ, ಮನೆಯ ಇಂಟರ್ನೆಟ್ಟಿನಿಂದ ಫೋನಿಗೂ ಸಂದೇಶ ಕಳಿಸುತ್ತದೆ. ನನ್ನ ಎಂಟನೇ ತರಗತಿಯವರಿಗೆ ಇದನ್ನು ಒಮ್ಮೆ ಹೇಳಿದರೆ ಸಾಕು. ಭಾವನಿಗೆ ಹೇಳಿದೆ. ಅವನು ಎಲ್ಲ ಕೇಳಿ, "ಅದೇ ಆನೂ ಹೇಳಿದ್ದು" ಎಂದ. ತಾನೂ ಅದನ್ನೇ ಹೇಳಿದ್ದಂತೆ.

ಅಂಟಿಸುವುದು ಮಾತ್ರ ಹರಸಾಹಸವಾಯಿತು. ಎಣ್ಣೆ ಕುಡಿದ ಮರಕ್ಕೆ ಅಂಟು ಹಿಡಿಯಲಿಲ್ಲ. ಮೊದಲು ಸೋಪಿನ ನೀರಿನಲ್ಲಿ, ಆಮೇಲೆ ಸ್ಪಿರಿಟ್ಟಿನಲ್ಲಿ ಒರೆಸಿದೆ. ಅಂಟು ಹಿಡಿಯಿತು, ಆದರೆ ಹಳೆಯ ಚೌಕಟ್ಟು ಮುಂದೆ, ಕದ ಹಿಂದೆ. ಎರಡು ತುಂಡುಗಳಿಗೂ ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಅಂತರ. ಬಾಗಿಲು ಮುಚ್ಚಿದ್ದರೂ ಯಂತ್ರ ಅದನ್ನು ತೆರೆದಿದೆ ಎನ್ನುತ್ತಿತ್ತು.

"ಎರಡು ಸ್ಕ್ರೂ ಹಾಕಿ ಒಂದು ಪಟ್ಟಿ ಕೂರಿಸ್ಲಕ್ಕು ಭಾವ" ಎಂದೆ.

"ಸ್ಕ್ರೂ ಗೀಕ್ರೂ ಬ್ಯಾಡ. ಅರಸರ ಬಾಗ್ಲಿಗೆ ತೂತು ಹೊಡೀತ್ಯನೇ?"

ಕೊನೆಗೆ ಅಕ್ಕ ಅಟ್ಟದಿಂದ ಮುರಿದ ಮಣೆಯೊಂದನ್ನು ತಂದುಕೊಟ್ಟಳು. ಅದರ ತುಂಡೊಂದನ್ನು ಕತ್ತರಿಸಿ, ಉಜ್ಜಿ, ಕದಕ್ಕೆ ಅಂಟಿಸಿ, ಅದರ ಮೇಲೆ ಆಯಸ್ಕಾಂತ ಕೂರಿಸಿದೆ. ನಾನು ಸ್ಟೂಲಿನ ಮೇಲೆ ನಿಂತು ಇದನ್ನೆಲ್ಲ ಮಾಡುವಷ್ಟು ಹೊತ್ತೂ ಭಾವ ಕೆಳಗೆ ಕುರ್ಚಿಯಲ್ಲಿ ಕೂತು, ಕನ್ನಡಕ ಏರಿಸಿ, ಪೆಟ್ಟಿಗೆಯಲ್ಲಿ ಬಂದ ಸೂಚನೆಯ ಕಾಗದವನ್ನು ದೊಡ್ಡ ದನಿಯಲ್ಲಿ ಓದುತ್ತಿದ್ದ. ಓದಿದ್ದೆಲ್ಲ ನಾನು ಆಗಲೇ ಮಾಡಿ ಮುಗಿಸಿದ್ದು.

ಬಾಗಿಲು ತೆರೆದೊಡನೆ ಯಂತ್ರದಿಂದ ಹೆಣ್ಣು ದನಿಯೊಂದು ಇಂಗ್ಲಿಷಿನಲ್ಲಿ ಬಾಗಿಲು ತೆರೆದಿದೆ ಎಂದು ಹೇಳಿತು. ಭಾವನಿಗೆ ಖುಷಿಯೋ ಖುಷಿ. ಒಳಗೆ ಬಂದ, ಹೊರಗೆ ಹೋದ, ಮತ್ತೆ ಒಳಗೆ ಬಂದ. ಆಮೇಲೆ ಸೈರನ್ ಪರೀಕ್ಷೆ. ಕೂಗಿದ ರಭಸಕ್ಕೆ ಅಕ್ಕನ ಕೈಯಲ್ಲಿದ್ದ ಚಹಾದ ಲೋಟ ಅಲುಗಿ ಸೀರೆಯ ಮೇಲೆ ಚೆಲ್ಲಿತು. ಎದುರುಮನೆಯ ನಿವೃತ್ತ ಟೀಚರಮ್ಮ ಗಾಬರಿಯಿಂದ ಗೇಟಿನವರೆಗೆ ಓಡಿಬಂದರು.

"ಕಳ್ಳ ಇಲ್ಲೇ ಎದೆ ಒಡ್ಕಂಡು ಸಾಯ್ತ!" ಎಂದು ಭಾವ ನಕ್ಕ. ಅಕ್ಕನ ಸೀರೆ ಅವನ ಕಣ್ಣಿಗೆ ಬೀಳಲಿಲ್ಲ.

ಸೈರನ್ ರಾತ್ರಿ ಮಾತ್ರ ಕೂಗುವ ಹಾಗೆ ಮಾಡಿ, ಅವನ ಫೋನಿಗೆ ಎಲ್ಲ ಜೋಡಿಸಿಕೊಟ್ಟು, "ಅಕ್ಕನ ಫೋನಿಗೂ ಹಾಕ್ತೆ" ಎಂದೆ.

"ಅದಕ್ಕೆಂತಕ್ಕೆ? ಅದು ಮನೇಲೇ ಇರ್ತಲಿ."

ನಮ್ಮ ಮಾತಿನಲ್ಲಿ ಹೆಂಗಸರನ್ನು 'ಅದು' ಎನ್ನುವುದು ವಾಡಿಕೆ. ಅಮ್ಮನಿಗೂ ಅನ್ನುತ್ತೇವೆ, ಅಕ್ಕನಿಗೂ ಅನ್ನುತ್ತೇವೆ, ಅದರಲ್ಲಿ ಅಗೌರವವಿಲ್ಲ. ಭಾವನ ಬಾಯಲ್ಲಿ ಮಾತ್ರ ಅದು ನನಗೆ ಎಂದೂ ವಾಡಿಕೆಯ ಹಾಗೆ ಕೇಳಿಸಿಲ್ಲ.

ಅವನು ಅಂಗಡಿಗೆ ಹೋದ ಮೇಲೆ ಅಕ್ಕ ಅಡುಗೆಮನೆಯಲ್ಲಿ ಸೀರೆಯ ಕಲೆ ತೊಳೆಯುತ್ತ ಮೆಲ್ಲಗೆ ಕೇಳಿದಳು. "ತಂಗಿ, ಅದು ಕಳ್ರು ಬಂದ್ರೆ ಮಾತ್ರ ಹೇಳ್ತನೇ? ಆನು ಹೋದ್ರೂ ಹೇಳ್ತನೇ?"

"ಕಳ್ಳನೋ ನೀನೋ ಅದಕ್ಕೆಂತ ಗೊತ್ತಿದ್ದು? ಬಾಗ್ಲು ತೆಗದ್ರೆ ಸಾಕು, ಭಾವನ ಫೋನಿಗೆ ಹೋಗ್ತು. ಯಂತಕ್ಕೆ?"

ಅವಳು ಒಲೆಯ ಕಡೆ ತಿರುಗಿದಳು. ಬಲವಂತ ಮಾಡಿದ ಮೇಲೆ ಹೇಳಿದಳು. ಭಾವ ಊಟ ಮುಗಿಸಿ, ಒಂದು ನಿದ್ದೆ ತೆಗೆದು ಅಂಗಡಿಗೆ ಹೋದ ಮೇಲೆ ಅವಳು ಎದುರುಮನೆಯ ಟೀಚರಮ್ಮನ ಮಹಡಿಗೆ ಹೋಗುತ್ತಾಳೆ. ಅಲ್ಲಿ ಬೀದಿಯ ಇನ್ನಿಬ್ಬರು ಬರುತ್ತಾರೆ. ನಾಲ್ವರೂ ಕೂತು ಇಸ್ಪೀಟು ಆಡುತ್ತಾರೆ. ಪಣಕ್ಕೆ ಹುಣಸೆ ಬೀಜ.

ನನಗೆ ನಗು ಬಂತು. ಅಕ್ಕನಿಗೆ ನಗು ಬರಲಿಲ್ಲ. ಭಾವನ ಅಪ್ಪ ಇಸ್ಪೀಟಿನಲ್ಲಿ ಗದ್ದೆ ಕಳೆದವರು. ಆ ಕಥೆಯನ್ನು ಭಾವ ತನ್ನ ಬಿರುದಿನ ಹಾಗೆ ಹೇಳಿಕೊಂಡು ತಿರುಗುತ್ತಾನೆ. ತಾನು ಎಲೆ ಮುಟ್ಟಿದವನಲ್ಲ, ತನ್ನ ಮನೆಯೊಳಗೆ ಎಲೆ ಬಂದಿಲ್ಲ. ಅವನ ಸಾಧನೆಗಳಲ್ಲಿ ಅರ್ಧ ಹೀಗೆ ಏನನ್ನೂ ಮಾಡದೆ ಗಳಿಸಿದ್ದು.

"ಹಿಂಬಾಗ್ಲಿಂದ ಹೋಗು" ಎಂದೆ.

"ಹಿಂದಿನ ಗ್ರಿಲ್ಲಿಗೆ ಬೀಗ ಹಾಕಿದ್ರು. ಬೀಗದ ಕೈ ಅವ್ರ ಹತ್ರವೇ ಇದ್ದು."

"ಹಂಗಾರೆ ಹೇಳ್ಬಿಡು. ಇಷ್ಟು ವರ್ಷಾತು, ಇನ್ನೂ ಎಂತಕ್ಕೆ ಹೆದರ್ತೆ?"

"ನಿಂಗೆ ಗೊತ್ತಾಗ್ತಿಲ್ಲೆ" ಎಂದಳು. ಅದು ಅವಳು ಯಾವಾಗಲೂ ಹೇಳುವ ಮಾತು. ನನಗೆ ಗೊತ್ತಾಗದ್ದು ಏನೂ ಇರಲಿಲ್ಲ. ಕೋಪ ಮಾಡಿಕೊಂಡು ಸಂಜೆಯ ಬಸ್ಸಿಗೆ ಯಲ್ಲಾಪುರಕ್ಕೆ ಬಂದುಬಿಟ್ಟೆ.

ಮುಂದಿನದನ್ನು ಅಕ್ಕ ಫೋನಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಹೇಳುತ್ತ ಹೋದಳು. ಅವಳು ಬಾಗಿಲು ತೆಗೆದು ಗೇಟು ದಾಟುವಷ್ಟರಲ್ಲಿ ಭಾವನ ಫೋನು. "ಬಾಗ್ಲು ತೆಗದ್ದು ಯಾರು?" ಮೊದಲ ದಿನ ಕೊರಿಯರ್‌ನವನು ಬಂದಿದ್ದ ಎಂದಳು. ಮರುದಿನ ಅಪ್ಪೆಮಿಡಿ ಮಾರುವವಳು. ಆಮೇಲೆ ಯಾವುದೋ ದೇವಸ್ಥಾನದ ದೇಣಿಗೆಯವರು. ದೇಣಿಗೆಯವರು ರಶೀದಿ ಕೊಟ್ಟರಾ ಎಂದು ಭಾವ ಕೇಳಿದ ಮೇಲೆ ನೆಪ ಹೇಳುವುದು ಬಿಟ್ಟು, ಮಲಗಿದ್ದೆ, ಯಾರು ತೆಗೆದರೋ ಗೊತ್ತಿಲ್ಲ ಎನ್ನತೊಡಗಿದಳು. ಆದರೂ ಆಟ ಬಿಡಲಿಲ್ಲ. ಅಷ್ಟು ಧೈರ್ಯ ಅವಳಲ್ಲಿತ್ತು. ನಿಜ ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಭಾವನಿಗೆ ಸಂಶಯ ಬಂತು. ಆದರೆ ಅಕ್ಕನ ಮೇಲಲ್ಲ. ಅಕ್ಕ ತನಗೆ ಹೇಳದೆ ಎಲ್ಲಿಗಾದರೂ ಹೋಗಬಲ್ಲಳು ಎಂಬುದು ಅವನ ತಲೆಗೆ ಹೊಳೆಯುವ ವಿಷಯವೇ ಆಗಿರಲಿಲ್ಲ. ಒಬ್ಬರನ್ನು ಅನುಮಾನಿಸಬೇಕಾದರೂ ಅವರ ಮೇಲೆ ಸ್ವಲ್ಪ ಗೌರವ ಬೇಕು. ಅವನಿಗೆ ಅಷ್ಟೂ ಇರಲಿಲ್ಲ.

ಅವನ ಅನುಮಾನ ಹೋಗಿ ನಿಂತದ್ದು ಪಾತ್ರೆ, ಬಟ್ಟೆ ತೊಳೆಯಲು ಬರುತ್ತಿದ್ದ ಹೆಂಗಸಿನ ಮೇಲೆ. ಬನವಾಸಿ ಕಡೆಯವಳು, ಶಿರಸಿಯಲ್ಲಿ ಬಾಡಿಗೆ ಕೋಣೆಯಲ್ಲಿರುವವಳು, ಆ ಮನೆಯಲ್ಲಿ ಎಷ್ಟೋ ವರ್ಷದಿಂದ ಕೆಲಸ ಮಾಡಿದವಳು. ಮಧ್ಯಾಹ್ನ ಅವಳು ಮನೆ ಸುತ್ತಿ ಹಿತ್ತಲಿಗೆ ಹೋಗಿ ಬಟ್ಟೆ ತೊಳೆಯುವ ಹೊತ್ತಿಗೇ ಮುಂದಿನ ಬಾಗಿಲು ತೆರೆಯುತ್ತಿತ್ತು. ಭಾವನಿಗೆ ಲೆಕ್ಕ ಸರಿಹೋಯಿತು. ಇವಳೇ ಯಾರಿಗೋ ಬಾಗಿಲು ತೆಗೆಯುತ್ತಿದ್ದಾಳೆ, ಮನೆ ತೋರಿಸುತ್ತಿದ್ದಾಳೆ. ಒಂದು ಬೆಳಿಗ್ಗೆ ಅವಳು ಬಂದಾಗ ಜಗಲಿಯಲ್ಲೇ ತಡೆದು, "ನಾಳೆಯಿಂದ ಬರೂದು ಬೇಡ" ಎಂದ. ಯಾಕೆ ಎಂದು ಅವಳು ಕೇಳಿದಳಂತೆ. "ನಿಂಗೇ ಗೊತ್ತಿದೆ" ಎಂದನಂತೆ.

ಅಕ್ಕ ಆಗ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು.

"ನೀನೆಂತ ಹೇಳ್ದೆ?" ಎಂದು ನಾನು ಫೋನಿನಲ್ಲಿ ಕೇಳಿದೆ.

ಅಳು ಕೇಳಿಸಿತು.

ಆ ವಾರವಿಡೀ ನನಗೆ ಅಕ್ಕನ ಹೆಸರೆತ್ತಿದರೆ ಮೈ ಉರಿಯುತ್ತಿತ್ತು. ಭಾವನ ಮೇಲಿನ ತಾತ್ಸಾರ ಹಳೆಯದು, ಅದರ ಜೊತೆ ಬದುಕಲು ನಾನು ಕಲಿತಿದ್ದೆ. ಅಕ್ಕನ ಮೇಲೆ ಹುಟ್ಟಿದ್ದು ಹೊಸತು. ಚಿಕ್ಕಂದಿನಲ್ಲಿ ನನ್ನನ್ನು ಹೊಡೆದ ಹುಡುಗನ ಮನೆಗೇ ಹೋಗಿ ಜಗಳ ಮಾಡಿ ಬಂದವಳು ಇವಳೇ ಏನು ಎನ್ನಿಸುತ್ತಿತ್ತು.

ಭಾನುವಾರ ಶಿರಸಿಗೆ ಹೋದೆ. ಅಷ್ಟರಲ್ಲಿ ಕಥೆ ಇನ್ನೂ ಮುಂದೆ ಹೋಗಿತ್ತು. ಕೆಲಸದಾಕೆ ಬರುವುದು ನಿಂತರೂ ಮಧ್ಯಾಹ್ನ ಬಾಗಿಲು ತೆರೆಯುವುದು ನಿಂತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗಾದರೂ ನಿಜ ತಿಳಿಯುತ್ತಿತ್ತು. ಭಾವ ಮಾತ್ರ ಆ ಹೆಂಗಸು ನಕಲಿ ಬೀಗದ ಕೈ ಮಾಡಿಸಿಕೊಂಡಿದ್ದಾಳೆ ಎಂದು ತೀರ್ಮಾನಿಸಿದ್ದ. ಅಕ್ಕ ಒಳಗೆ ಮಲಗಿರುವಾಗ ಅವಳು ಬಂದು ಬಾಗಿಲು ತೆಗೆದು, ಏನನ್ನೂ ಮುಟ್ಟದೆ, ಹೋಗುತ್ತಾಳಂತೆ!

ಊಟಕ್ಕೆ ಕೂತಾಗ ಹೇಳಿದ. "ನಾಳೆ ಪೊಲೀಸ್ ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಡ್ತೆ. ಎನ್ನ ಫೋನಿನಲ್ಲಿ ಎಲ್ಲ ಸಾಕ್ಷಿ ಇದ್ದು."

ನಾನು ಬಾಯಿ ತೆರೆದೆ. ಅಕ್ಕ ತಂಬುಳಿ ಬಡಿಸುತ್ತಿದ್ದಳು. ಸೌಟನ್ನು ಪಾತ್ರೆಯೊಳಗೆ ಇಟ್ಟಳು.

"ಬಾಗ್ಲು ತೆಗದಿದ್ದು ಆನು" ಎಂದಳು.

"ಯಾವಾಗ?"

"ದಿನಾ."

"ಯಂತಕ್ಕೆ?"

"ಇಸ್ಪೀಟಾಡ್ಲೆ. ಎದುರುಮನೆ ಮಹಡಿಲಿ."

ಭಾವ ನಕ್ಕ. ನಿಜವಾಗಿಯೂ ನಕ್ಕ. ಅನ್ನದ ತುತ್ತು ಕೈಯಲ್ಲೇ ಇತ್ತು. ಅದನ್ನು ಬಾಯಿಗಿಟ್ಟು ಅಗಿದು, "ನಿಂಗೆ ಇಸ್ಪೀಟು ಬತ್ತನೇ?" ಎಂದು ಸಣ್ಣ ಮಕ್ಕಳನ್ನು ಕೇಳುವ ಹಾಗೆ ಕೇಳಿದ.

"ಚೊಲೋ ಬತ್ತು. ಆ ಹೆಂಗ್ಸು ಎಂತ ಮಾಡಿದ್ದಿಲ್ಲೆ. ಕಂಪ್ಲೇಂಟ್ ಕೊಡೂದಾದ್ರೆ ಎನ್ನ ಮೇಲೆ ಕೊಡಿ."

ಆಗ ಅವನ ನಗು ಹೋಯಿತು. ನನ್ನ ಕಡೆ ನೋಡಿದ. ನಾನು ಊಟ ಮಾಡುತ್ತಿದ್ದೆ. ಅಕ್ಕನ ಕಡೆ ನೋಡಿದ. ಇನ್ನೀಗ ಆ ಹೆಂಗಸಿಗೆ ಮಾಡಿದ ಅನ್ಯಾಯದ ಮಾತು ಬರುತ್ತದೆ ಎಂದು ನಾನು ಕಾದೆ.

"ಇದು ಯಾರ್ಯಾರಿಗೆ ಗೊತ್ತಿದ್ದು?" ಎಂದ.

ಅವನ ಚಿಂತೆಯೆಲ್ಲ ಅದೇ. ಎಲೆ ಮುಟ್ಟದ ಮನೆ ಎಂಬ ಬಿರುದು ಎಷ್ಟು ಮನೆಯಲ್ಲಿ ಹೋಯಿತು ಎಂಬುದು. ಟೀಚರಮ್ಮನಿಗೆ ಗೊತ್ತು, ಇನ್ನಿಬ್ಬರಿಗೆ ಗೊತ್ತು, ಅವರ ಗಂಡಂದಿರಿಗೂ ಗೊತ್ತಿರಬೇಕು. ಅವನು ಊಟ ಅರ್ಧಕ್ಕೇ ಬಿಟ್ಟು ಎದ್ದ.

"ಆ ಹೆಂಗಸಿಗೆ ನೀ ಎಂತ ಹೇಳ್ತೆ ಭಾವ?" ಎಂದು ಕೇಳಿದೆ. ಬಹುವಚನ ನಾಲಿಗೆಯಿಂದ ಜಾರಿತ್ತು. ಅವನು ಗಮನಿಸಲಿಲ್ಲ, ಅಥವಾ ಗಮನಿಸದ ಹಾಗೆ ಮಾಡಿದ.

ಕೈ ತೊಳೆಯುತ್ತ, "ಬರ್ಲಿ ಬೇಕಾರೆ. ಅಡ್ಡಿಲ್ಲೆ. ಆನು ಮನಸಲ್ಲಿ ಇಟ್ಕತ್ನಿಲ್ಲೆ" ಎಂದ. ಕ್ಷಮಿಸಬೇಕಾದವನು ತಾನು ಎನ್ನುವ ಹಾಗೆ.

ಅಕ್ಕ ಎಂಜಲು ತೆಗೆದು, ಸೀರೆ ಬದಲಿಸಿ, ಬಾಗಿಲು ತೆರೆದಳು. ಯಂತ್ರ ತನ್ನ ಇಂಗ್ಲಿಷಿನಲ್ಲಿ ಹೇಳಬೇಕಾದ್ದನ್ನು ಹೇಳಿತು. ನಾವಿಬ್ಬರೂ ಹೊರಟೆವು.

ಆ ಹೆಂಗಸಿನ ಕೋಣೆ ಊರಿನ ಅಂಚಿನಲ್ಲಿ, ಒಂದು ಗ್ಯಾರೇಜಿನ ಹಿಂದೆ. ನಮ್ಮನ್ನು ನೋಡಿ ಅವಳಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ.

"ಬರ್ರಿ ಅಕ್ಕಾರ. ಕುಂದರ್ರಿ" ಎಂದು ಚಾಪೆ ಹಾಸಿದಳು.

ಅಕ್ಕ ಕೂರದೆಯೇ ಹೇಳಿದಳು. ಬಾಗಿಲು ತೆಗೆಯುತ್ತಿದ್ದದ್ದು ತಾನು, ಇಸ್ಪೀಟಿಗೆ ಹೋಗುತ್ತಿದ್ದದ್ದು ತಾನು, ಗಂಡನಿಗೆ ಈಗ ಎಲ್ಲ ಹೇಳಿಯಾಗಿದೆ, ನಾಳೆಯಿಂದ ಬಾ ಎಂದು.

"ನೀವು ಇಸ್ಪೀಟಿಗೆ ಹೋಗೂದು ನನಗ ಗೊತ್ತಿತ್ರಿ" ಎಂದಳು ಅವಳು. "ದಿನಾ ನೋಡ್ತಿದ್ದೆ. ಯಜಮಾನ್ರು ಕೇಳಿದ್ರೂ ನಾ ಹೇಳ್ತಿದ್ದಿಲ್ಲ."

"ಆವತ್ತು ನಾನು ಒಳಗೇ ಇದ್ದೆ" ಎಂದಳು ಅಕ್ಕ.

"ಅದೂ ಗೊತ್ತಿತ್ತು. ಬಾಗಲ ಸಂದಿನಾಗ ನಿಮ್ಮ ಸೀರಿ ಕಾಣ್ತಿತ್ತು. ಈಗ ಹೊರಗ ಬರ್ತಾರ, ಈಗ ಹೇಳ್ತಾರ ಅಂತ ಗೇಟಿನ ಹತ್ರ ನಿಂತಿದ್ದೆ. ಯಜಮಾನ್ರು ಸ್ಕೂಟರ್ ತಗೊಂಡು ಹೋದ ಮ್ಯಾಲೂ ನಿಂತಿದ್ದೆ."

ಅಕ್ಕ ಈಗ ಚಾಪೆಯ ಮೇಲೆ ಕೂತಳು.

"ಈಗ ಬರ್ತ್ಯಾ?" ಎಂದು ಕೇಳಿದಳು.

"ಇಲ್ರಿ. ನಾ ಬರಂಗಿಲ್ಲ. ಹಾಸ್ಟೆಲ್ಲಿನ ಅಡಗಿಮನ್ಯಾಗ ಕೆಲಸ ಸಿಕ್ಕೇತಿ."

ಮತ್ತೆ ಆ ಮಾತನ್ನು ಅವಳು ಎತ್ತಲಿಲ್ಲ. ಒಲೆ ಹಚ್ಚಿ ಚಹಾ ಮಾಡಿದಳು. ಅಕ್ಕನಿಗೆ ಸಕ್ಕರೆ ಕಡಿಮೆ ಬೇಕು ಎಂದು ನೆನಪಿಟ್ಟು ಬೇರೆ ಲೋಟದಲ್ಲಿ ಕೊಟ್ಟಳು. ಅಕ್ಕ ಅದನ್ನು ಪೂರ್ತಿ ಕುಡಿದಳು. ಹಿಂದಿರುಗುವಾಗ ದಾರಿಯಲ್ಲಿ ನಾನು ಏನೋ ಸಮಾಧಾನ ಹೇಳಲು ಹೋದೆ. "ಸುಮ್ಮಂಗಿರು ಮಾರಾಯ್ತಿ" ಎಂದಳು. ಅವಳ ಮೇಲೆ ನನಗಿದ್ದ ಕೋಪ ಇಳಿದಿತ್ತು, ಪೂರ್ತಿ ಹೋಗಿರಲಿಲ್ಲ.

ಭಾವ ಸೆನ್ಸರ್ ತೆಗೆಸಲಿಲ್ಲ. ತೆಗೆಸಿದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದಲ್ಲ. ಅಕ್ಕನೂ ಅದರ ತಂಟೆಗೆ ಹೋಗಲಿಲ್ಲ. ಆಯಸ್ಕಾಂತವನ್ನು ಕಿತ್ತು ಚೌಕಟ್ಟಿನ ಮೇಲೆ ಇನ್ನೊಂದು ತುಂಡಿನ ಪಕ್ಕಕ್ಕೇ ಅಂಟಿಸಿಬಿಟ್ಟರೆ ಯಂತ್ರಕ್ಕೆ ಬಾಗಿಲು ಸದಾ ಮುಚ್ಚಿದ ಹಾಗೇ ಕಾಣುತ್ತದೆ, ಮಾಡಿಕೊಡಲೇ ಎಂದು ನಾನು ಕೇಳಿದ್ದೆ. ಬೇಡ ಎಂದಳು. ಮರುದಿನದಿಂದ ಅವಳು ಅದೇ ಹೊತ್ತಿಗೆ, ಅದೇ ಬಾಗಿಲಿನಿಂದ ಹೋಗತೊಡಗಿದಳು. ಭಾವನ ಫೋನು ಬರುತ್ತಿತ್ತು.

"ಬಾಗ್ಲು ತೆಗದ್ದು ಯಾರು?"

"ಆನು. ಇಸ್ಪೀಟಿಗೆ ಹೊಂಟೆ."

ಕೆಲವು ದಿನ ಕೇಳಿದ. ಆಮೇಲೆ ಕೇಳುವುದನ್ನು ಬಿಟ್ಟ. ಊರಿನಲ್ಲಿ ಯಾರಾದರೂ ಆ ಮಾತು ತೆಗೆದರೆ, "ಹೆಂಗಸರಿಗೂ ಸ್ವಲ್ಪ ಮನರಂಜನೆ ಬೇಕು, ಆನೇ ಹೋಗು ಹೇಳಿದ್ದೆ" ಎನ್ನುತ್ತಾನಂತೆ. ಇದನ್ನು ಟೀಚರಮ್ಮನ ಬಾಯಲ್ಲಿ ಕೇಳಿದಾಗ ನನಗೆ ಅವನ ಮೇಲೆ ಸಿಟ್ಟು ಮಾಡುವ ಶಕ್ತಿಯೂ ಉಳಿಯಲಿಲ್ಲ. ಬಾಗಿಲಿನ ಹಾಗೆ ಇದನ್ನೂ ಅವನು ಇನ್ನೊಬ್ಬರ ಮನೆಯಿಂದ ಕಿತ್ತು ತಂದು ತನ್ನದೆನ್ನುತ್ತಿದ್ದ.

ಕೆಲಸಕ್ಕೆ ಬೇರೆ ಯಾರೂ ಆ ಮನೆಗೆ ಬರಲಿಲ್ಲ. ಒಬ್ಬಳು ಹೇಳಿದ ಮಾತು ಇನ್ನೊಬ್ಬಳಿಗೆ ಮುಟ್ಟಿತ್ತು. ಈಗಿನ ಕಾಲದಲ್ಲಿ ಕೆಲಸದವರೇ ಸಿಗುವುದಿಲ್ಲ, ಎಲ್ಲರಿಗೂ ಸೊಕ್ಕು ಎಂದು ಭಾವ ಅಂಗಡಿಯಲ್ಲಿ ಕೂತು ಗಿರಾಕಿಗಳಿಗೆ ಹೇಳುತ್ತಾನೆ. ಪಾತ್ರೆ ಅಕ್ಕನೇ ತೊಳೆಯುತ್ತಾಳೆ. ತನ್ನ ಊಟದ ತಟ್ಟೆ ತಾನೇ ತೊಳೆಯಬೇಕು ಎಂದು ಅವಳು ಅವನಿಗೆ ಹೇಳಿದಾಗ ಎರಡು ದಿನ ಮುನಿಸಿಕೊಂಡು ಹೋಟೆಲಿನಲ್ಲಿ ಉಂಡ. ಮೂರನೇ ದಿನ ತೊಳೆದ. ಜಿಡ್ಡು ಹಾಗೇ ಇರುತ್ತದೆ, ಅಕ್ಕ ಇನ್ನೊಮ್ಮೆ ತೊಳೆಯುತ್ತಾಳೆ.

ಆ ಹೆಂಗಸು ಪೇಟೆಯಲ್ಲಿ ಎದುರಾದರೆ ಭಾವ ಅಂಗಡಿಗಳ ಬೋರ್ಡು ಓದುತ್ತ ಹೋಗುತ್ತಾನೆ. ಅಕ್ಕನಿಗೆ ಎದುರಾದರೆ ಅವಳೇ ನಿಂತು, "ಅರಾಮ ಅದೀರೇನ್ರಿ?" ಎಂದು ಕೇಳುತ್ತಾಳಂತೆ. ಅಕ್ಕ ಹೌದು ಎನ್ನುತ್ತಾಳೆ. ಅಷ್ಟೇ ಮಾತು. ಆಮೇಲೆ ಅವಳು ಹಾಸ್ಟೆಲ್ಲಿನ ಕಡೆಗೆ, ಅಕ್ಕ ಮನೆಯ ಕಡೆಗೆ. ಸಿಕ್ಕ ದಿನವೆಲ್ಲ ಸಂಜೆ ಅಕ್ಕ ನನಗೆ ಫೋನು ಮಾಡಿ, "ಇವತ್ತು ಸಿಕ್ಕಿತ್ತು, ಮಾತಾಡ್ಸ್ತು" ಎಂದು ಹೇಳುತ್ತಾಳೆ. ಏನು ಮಾತಾಡಿಸಿತು ಎಂದು ನಾನು ಈಗ ಕೇಳುವುದಿಲ್ಲ.